ಮನೆ ಹತ್ತಿರದ ಹಳ್ಳದಲ್ಲಿ ಟ್ರೌಟ್ ಹುಡುಕುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಈಗ ಅಮೆರಿಕದ ಪೆನ್ಸಿಲ್ವೇನಿಯಾದ ಎಕ್ಸ್‌ಟನ್‌ನಲ್ಲಿದ್ದೇನೆ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಹಳ್ಳಕ್ಕೆ ಗಾಳ ಹಾಕಿದ್ದು ಬಿಟ್ಟರೆ ಬೇರೆ ಅನುಭವವಿಲ್ಲ. ಹತ್ತು ವರ್ಷದ ಮಗಳಿಗೆ ಟ್ರೌಟ್ ಹಿಡಿಯುವ ಆಸೆ. ಕಳೆದ ಜುಲೈನಲ್ಲಿ ಮೂರು ಶನಿವಾರ ಕೂತರೂ ಒಂದೂ ಸಿಗಲಿಲ್ಲ. ಒಳ್ಳೆ ಜಾಗ ಎಲ್ಲಿದೆ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ನಾವೇ ಹುಡುಕಿಕೊಳ್ಳುವುದು ಹೇಗೆ? ಹಿಡಿದದ್ದನ್ನು ತಿನ್ನಬಹುದಾ?

ಉತ್ತರ: ನೀವು ಹೋದದ್ದು ಜುಲೈನಲ್ಲಿ, ಅಲ್ವಾ? ಬಹುಶಃ ಅಲ್ಲೇ ಎಡವಿದ್ದು. ಟ್ರೌಟ್ ತಣ್ಣೀರಿನ ಮೀನು. ನೀರು 50ರಿಂದ 65 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಚೆನ್ನಾಗಿ ಮೇಯುತ್ತದೆ. 68 ದಾಟಿದರೆ ಸುಸ್ತಾಗುತ್ತದೆ. ಆಗ ಹಿಡಿದು ವಾಪಸ್ ಬಿಟ್ಟರೂ ಎಷ್ಟೋ ಸಲ ಬದುಕುವುದಿಲ್ಲ. ಹಾಗಾಗಿ ರಾಡ್‌ಗಿಂತ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ಅದಕ್ಕೊಂದು ದಾರ ಕಟ್ಟಿ ಮಗಳ ಕೈಗೆ ಕೊಡಿ. 68 ತೋರಿಸಿದರೆ ಆ ದಿನ ಗಾಳ ಬೇಡ, ಕಾಲು ಇಳಿಬಿಟ್ಟು ಕೂತು ಬನ್ನಿ.

ನಿಮ್ಮ ರಾಜ್ಯದ ಮೀನುಗಾರಿಕೆ ಇಲಾಖೆ, ಅಂದರೆ ಫಿಶ್ ಅಂಡ್ ಬೋಟ್ ಕಮಿಷನ್, ವರ್ಷಕ್ಕೆ ಸುಮಾರು 32 ಲಕ್ಷ ದೊಡ್ಡ ಟ್ರೌಟ್‌ಗಳನ್ನು ಹಳ್ಳ, ಕೆರೆಗಳಿಗೆ ಬಿಡುತ್ತದೆ. ಯಾವ ಹಳ್ಳದ ಯಾವ ಭಾಗಕ್ಕೆ, ಯಾವ ದಿನ ಬಿಡುತ್ತಾರೆ ಅನ್ನುವ ಪಟ್ಟಿ ಅವರ ವೆಬ್‌ಸೈಟ್‌ನಲ್ಲೇ ಇದೆ, ನಕ್ಷೆಯೂ ಇದೆ. ಯಾರ ಗುಟ್ಟಿನ ಜಾಗವನ್ನೂ ನೀವು ಕೇಳಬೇಕಿಲ್ಲ. ಸೀಸನ್ ಶುರುವಾಗುವುದು ಏಪ್ರಿಲ್‌ನ ಮೊದಲ ಶನಿವಾರ ಬೆಳಿಗ್ಗೆ 8 ಗಂಟೆಗೆ. ಆ ದಿನ ಜನಜಾತ್ರೆ. ಮಗಳ ಜೊತೆ ಹೋಗುವುದಾದರೆ ಒಂದೆರಡು ವಾರ ಬಿಟ್ಟು, ವಾರದ ನಡುವಿನ ಒಂದು ಸಂಜೆ ಹೋಗಿ. ನಿಮಗೆ ಲೈಸೆನ್ಸ್ ಜೊತೆಗೆ ಟ್ರೌಟ್ ಪರ್ಮಿಟ್ ಕೂಡ ಬೇಕು. ಮಗಳಿಗೆ 16 ತುಂಬುವವರೆಗೆ ಲೈಸೆನ್ಸ್ ಬೇಡ.

ಮೊದಲ ವರ್ಷ ಒಂದೇ ಹಳ್ಳ ಹಿಡಿಯಿರಿ ಅನ್ನುತ್ತೇನೆ. ನಿಮಗೆ ಡೌನಿಂಗ್‌ಟೌನ್ ಹತ್ತಿರದ ಈಸ್ಟ್ ಬ್ರಾಂಚ್ ಬ್ರ್ಯಾಂಡಿವೈನ್ ಸರಿಹೋಗುತ್ತದೆ. ಸ್ಟ್ರೂಬಲ್ ಟ್ರೇಲ್ ಎಂಬ ಕಾಲುದಾರಿ ಅದರ ಪಕ್ಕದಲ್ಲೇ ಸಾಗುತ್ತದೆ, ಮಕ್ಕಳಿಗೆ ನಡೆಯಲು ಸುಲಭ. ಹಳ್ಳದ ಒಂದು ಭಾಗದಲ್ಲಿ ಎರೆಹುಳು ಬಳಸುವಂತಿಲ್ಲ, ಕೃತಕ ಎರೆ (ಲ್ಯೂರ್) ಮಾತ್ರ. ದಡದ ಬೋರ್ಡ್ ಓದಿಕೊಳ್ಳಿ. ಬೇರೆ ಹಳ್ಳಗಳಿಗೆ ಹೋದಾಗ ಮರದ ಮೇಲೆ ನೇರಳೆ ಬಣ್ಣದ ಪಟ್ಟೆ ಕಂಡರೆ ಒಳಗೆ ಕಾಲಿಡಬೇಡಿ. ಅದು ಖಾಸಗಿ ಜಾಗ, ಪ್ರವೇಶವಿಲ್ಲ ಅಂತ ಅರ್ಥ.

ಇನ್ನು ಹಳ್ಳದೊಳಗೆ ಎಲ್ಲಿ? ಇಲ್ಲಿ ನಿಮ್ಮ ಅಜ್ಜ ಕಲಿಸಿದ್ದು ಕೆಲಸಕ್ಕೆ ಬರುತ್ತದೆ. ಟ್ರೌಟ್ ಹರಿವಿಗೆ ಮುಖ ಮಾಡಿ ನಿಂತಿರುತ್ತದೆ. ತಿನ್ನುವುದನ್ನು ನೀರೇ ತಂದುಕೊಡಬೇಕು, ಆದರೆ ಹರಿವಿನ ಎದುರು ಜಾಸ್ತಿ ಈಜಬಾರದು, ಅದರ ಲೆಕ್ಕ ಇಷ್ಟೇ. ಆದ್ದರಿಂದ ರಭಸದ ನೀರು ನಿಧಾನದ ನೀರಿಗೆ ತಾಗುವ ಗೆರೆ ಹುಡುಕಿ. ನೊರೆ ಸಾಲಾಗಿ ಸಾಗುವುದು ಆ ಗೆರೆಯ ಮೇಲೇ. ದೊಡ್ಡ ಬಂಡೆಯ ಹಿಂದೆ, ಬೇರಿನ ಕೆಳಗೆ ಕೊರೆದ ದಡದಲ್ಲಿ, ಕಲ್ಲು ಹಾಸಿನ ಮೇಲೆ ಹಾರಿ ಬಂದ ನೀರು ಮಡುವಿಗೆ ಇಳಿಯುವ ಜಾಗದಲ್ಲಿ ಮೀನು ಇರುತ್ತದೆ. ಅದರ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ, ಬಗ್ಗಿಕೊಂಡು ಹೋಗಿ. ನಿಮ್ಮ ನೆರಳು ನೀರಿಗೆ ಬಿದ್ದರೆ ಮುಗೀತು. ಲಾರಿಯಿಂದ ಮೀನು ಬಿಡುವುದು ಸಾಮಾನ್ಯವಾಗಿ ಸೇತುವೆ ಪಕ್ಕ, ಜನರೆಲ್ಲ ಅಲ್ಲೇ ನಿಲ್ಲುತ್ತಾರೆ. ನೀವು ಐದು ನಿಮಿಷ ಮುಂದೆ ನಡೆಯಿರಿ.

ಸಣ್ಣ ಸ್ಪಿನ್ನಿಂಗ್ ರಾಡ್, 4 ಪೌಂಡ್ ಭಾರ ತಡೆಯುವ ದಾರ, 8 ಅಥವಾ 10 ನಂಬರಿನ ಕೊಕ್ಕೆ ಸಾಕು. ಹುಳು ಬಳಸಬಹುದಾದ ಕಡೆ ಎರೆಹುಳುವಿಗಿಂತ ಒಳ್ಳೆಯದು ಬೇರೆ ಬೇಡ.

ಬೇಸಿಗೆಯಲ್ಲೂ ಮನಸ್ಸು ತಡೆಯದಿದ್ದರೆ ವ್ಯಾಲಿ ಫೋರ್ಜ್ ಉದ್ಯಾನದ ವ್ಯಾಲಿ ಕ್ರೀಕ್ ನೋಡಿ ಬನ್ನಿ. ಸುಣ್ಣಕಲ್ಲಿನ ಒರತೆ ನೀರು ಸೇರುವುದರಿಂದ ಅದು ತಂಪಾಗಿರುತ್ತದೆ. ಅಲ್ಲಿನ ಬ್ರೌನ್ ಟ್ರೌಟ್ ಯಾರೋ ತಂದು ಬಿಟ್ಟದ್ದಲ್ಲ, ಅಲ್ಲೇ ಹುಟ್ಟಿ ಬೆಳೆದದ್ದು. ಬಹಳ ಹುಷಾರಿನ ಮೀನು, ಹೊಸಬರಿಗೆ ಬೇಗ ಸಿಗುವುದಿಲ್ಲ. ಆದರೆ ಸುಮ್ನೆ ಸೇತುವೆ ಮೇಲೆ ನಿಂತು ಅದು ಮೇಯುವುದನ್ನು ನೋಡಿದರೂ ಮಗಳು ಎಷ್ಟೋ ಕಲಿಯುತ್ತಾಳೆ. ಅಕ್ಟೋಬರ್, ನವೆಂಬರ್‌ ಅವು ಜಲ್ಲಿಯೊಳಗೆ ಮೊಟ್ಟೆ ಇಡುವ ಕಾಲ. ತೊಳೆದಂತೆ ಬೆಳ್ಳಗೆ ಕಾಣುವ ಜಲ್ಲಿಯ ಮೇಲೆ ದಯವಿಟ್ಟು ಕಾಲಿಡಬೇಡಿ. ಈ ಹಳ್ಳವನ್ನು ಕಾಯುವ ಕೆಲಸದಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆಯ ವ್ಯಾಲಿ ಫೋರ್ಜ್ ಶಾಖೆಯವರಿದ್ದಾರೆ. ಒಂದು ದಿನ ಅವರ ಜೊತೆ ಕೈಜೋಡಿಸಿ. ಬಾಯಿ ಬಿಡದ ಜನ ಅಲ್ಲಿ ತಾವಾಗಿಯೇ ಮಾತಾಡುತ್ತಾರೆ.

ತಿನ್ನುವ ವಿಷಯ. ವ್ಯಾಲಿ ಕ್ರೀಕ್ ಮೀನು ತಿನ್ನಬೇಡಿ. ಪಾವೋಲಿಯ ರೈಲ್ವೆ ಯಾರ್ಡ್‌ನಿಂದ ಪಿಸಿಬಿ ಎಂಬ ವಿಷ ರಾಸಾಯನಿಕ ಆ ಹಳ್ಳ ಸೇರಿತ್ತು. ಅಲ್ಲಿ ಹಿಡಿದದ್ದನ್ನೆಲ್ಲ ಬಿಡಲೇಬೇಕು. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಆದಷ್ಟೂ ನೀರಿನಲ್ಲೇ ಕೊಕ್ಕೆ ಬಿಡಿಸಿ. ಬ್ರ್ಯಾಂಡಿವೈನ್‌ನಲ್ಲಿ ವಿಶೇಷ ನಿಯಮವಿಲ್ಲದ ಕಡೆ, ಏಪ್ರಿಲ್‌ನಿಂದ ಶುರುವಾಗುವ ಸೀಸನ್‌ನಲ್ಲಿ, 7 ಇಂಚಿಗೆ ಕಡಿಮೆಯಿಲ್ಲದ ಐದು ಮೀನನ್ನು ದಿನಕ್ಕೆ ಇಟ್ಟುಕೊಳ್ಳಬಹುದು. ನಿಮ್ಮಿಬ್ಬರಿಗೆ ಎರಡು ಸಾಕು. ಅಲ್ಲೇ ಕರುಳು ತೆಗೆದು ಐಸ್‌ನಲ್ಲಿಡಿ. ಟ್ರೌಟ್‌ನ ಮಾಂಸ ಮೆದು. ಅದಕ್ಕೆ ತುಂಬ ಖಾರ ಹಚ್ಚದೆ, ಉಪ್ಪು, ಅರಿಶಿನ, ನಿಂಬೆರಸ ಸವರಿ, ತೆಳ್ಳಗೆ ರವೆ ಹಚ್ಚಿ ಕಾವಲಿಯಲ್ಲಿ ಹುರಿಯಿರಿ.