ಯಾರ ಕಾಲಿಗೂ ಬಾರದ ಕಾಲುಚೀಲ

ಮನೆಮಂದಿಗೆ ಆಪ್ತಸಲಹೆ ಕೊಡುವ ಕೆಲಸ ನನ್ನದು. ಇಂಥ ಪ್ರಕರಣ ನನ್ನ ಹತ್ತಿರ ಬರೋದು ಇದೇ ಮೊದಲಲ್ಲ. ಮನೆಯಲ್ಲಿ ಒಬ್ಬರು ಏನೋ ಒಂದು ಕೈಕೆಲಸ ಹಿಡಿದು ಕೂರುತ್ತಾರೆ. ಉಳಿದವರು ಅದಕ್ಕೆ ತಮಗೆ ತೋಚಿದ ಅರ್ಥ ಕಟ್ಟಿಕೊಳ್ಳುತ್ತಾರೆ. ಮಾಡುವವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಸಲ ನಾನೂ ಕೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಲಬುರಗಿಯ ಒಂದು ಮನೆ. ಅತ್ತೆಗೆ ಅರವತ್ತರ ಹತ್ತಿರ. 28 ವರ್ಷ ಮನೆಯಲ್ಲೇ ಬ್ಲೌಸ್ ಹೊಲಿದು ಮಗನನ್ನು ಓದಿಸಿದವರು. ಮಗನಿಗೆ ನೌಕರಿ ಆಯ್ತು, ಮದುವೆ ಆಯ್ತು. "ಇನ್ನು ಸಾಕವ್ವ, ಆರಾಮಾಗಿರು" ಅಂತ ಹೊಲಿಗೆ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟ. ಸೊಸೆ ಬಂದು ನಾಲ್ಕು ವರ್ಷ. ಮಕ್ಕಳಾಗಿಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೂವರೂ ಒಪ್ಪಿದ ಮೇಲೆಯೇ ಬರೆಯಲು ಕೂತಿದ್ದೇನೆ.

ಯಂತ್ರ ಹೋದ ಮೇಲೆ ಅತ್ತೆ ಬಾಗಿಲಿಗೆ ಉಲ್ಲನ್ ತೋರಣ ಹೆಣೆದರು. ಉಳಿದ ಚೂರುಪಾರು ಉಲ್ಲನ್‌ನಲ್ಲಿ ಪುಟ್ಟ ಪುಟ್ಟ ಕಾಲುಚೀಲ ಹೆಣೆಯತೊಡಗಿದರು. ಎಂಟು ತಿಂಗಳಲ್ಲಿ ಎಪ್ಪತ್ತು ದಾಟಿತ್ತು. ಅವನ್ನು ತೋರಣದ ಕೆಳಗೆ ಸಾಲಾಗಿ ಕಟ್ಟಿದರು. ನಮ್ಮ ಕಡೆ ಮಕ್ಕಳಾಗಲಿ ಅಂತ ಗುಡಿಯಲ್ಲಿ ಪುಟ್ಟ ತೊಟ್ಟಿಲು ಕಟ್ಟುವ ಹರಕೆ ಇದೆ, ಅಲ್ವಾ? ಪಕ್ಕದ ಮನೆಯವರು ನೋಡಿ "ಏನ್ ಹರಕಿ ಹೊತ್ತೀರಿ?" ಅಂದರು. ಆ ಮಾತು ಸೊಸೆಯ ಎದೆಗೆ ನಾಟಿತು. ಅತ್ತೆ ತನ್ನನ್ನು ದಿನಾ ಬಾಗಿಲಲ್ಲೇ ಚುಚ್ಚುತ್ತಿದ್ದಾರೆ ಅಂತ ಆಕೆ ನಂಬಿದಳು.

ಮಗನ ಭಯ ಬೇರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಅಲ್ಲಿ ಅವ್ವ ಫ್ಯಾನ್ ಕೆಳಗೆ ಕೂತು ಉಲ್ಲನ್ ಕಾಲುಚೀಲ ಮಾಡುತ್ತಾಳೆ. ಮರೆವಿನ ಕಾಯಿಲೆ ಶುರುವಾಗಿದೆಯೇನೋ ಅಂತ ಅವನ ಅನುಮಾನ.

ಮೊದಲೆರಡು ಭೇಟಿಯಲ್ಲಿ ನಾನು ಸೊಸೆಯ ಮಾತನ್ನೇ ನಂಬಿದ್ದೆ. ಬಾಯಿ ಬಿಡದೆ ಚುಚ್ಚುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕುಬುಸಕ್ಕೆ, ಅಂದರೆ ಬಸುರಿಯ ಸೀಮಂತಕ್ಕೆ, ಕರೆಯದೆ ಬಿಡುವುದು, ಉಡಿ ತುಂಬುವ ಸಾಲಿನಲ್ಲಿ ಒಬ್ಬಳನ್ನು ದಾಟಿ ಮುಂದೆ ಹೋಗುವುದು. ಇದೂ ಅದೇ ಜಾತಿ ಅಂದುಕೊಂಡೆ. ಅತ್ತೆ ಸುಮ್ನೆ ಕೂತಿದ್ದರು. ಆ ಮೌನವನ್ನೂ ತಪ್ಪೊಪ್ಪಿಗೆ ಅಂತ ತಿಳಿದೆ.

ಮೂರನೇ ಸಲ ಬರುವಾಗ "ಕಡ್ಡಿ, ಉಲ್ಲನ್ ತನ್ನಿ" ಅಂದಿದ್ದೆ. ಮರೆವಿನ ಅನುಮಾನಕ್ಕಾಗಿ ಕೈ ಹೇಗೆ ಓಡುತ್ತದೆ ನೋಡೋಣ ಅಂತ, ಅಷ್ಟೇ. ಅವರು ಬ್ಲೌಸಿನ ಹುಕ್ಕು ಇಡುತ್ತಿದ್ದ ಹಳೇ ಡಬ್ಬಿ ತಂದರು. ಒಳಗೆ ನಿಂಬೆಹಣ್ಣಿಗಿಂತ ಚಿಕ್ಕ ಉಂಡೆಗಳು. ನಾಲ್ಕು ಕಡ್ಡಿ. ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೇ ಸ್ಪೋಕ್ ಕತ್ತರಿಸಿಕೊಂಡು, ಎರಡೂ ತುದಿ ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡಿದ್ದರು. ಸ್ಪೋಕ್ ಸುಮಾರು 2 ಮಿಲಿಮೀಟರ್ ದಪ್ಪ ಇರುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಅದೇ ಸರಿ.

ನನ್ನೆದುರೇ 16 ಕುಣಿಕೆ ಹಾಕಿದರು. ದೊಡ್ಡವರ ಕಾಲುಚೀಲಕ್ಕೆ ಅರವತ್ತರ ಆಸುಪಾಸು ಬೇಕಂತೆ. ಮೂರು ಕಡ್ಡಿಗೆ ಹಂಚಿ, ನಾಲ್ಕನೆಯದರಿಂದ ಸುತ್ತು ಹೆಣೆಯುತ್ತಾ ಹೋದರು. ಎರಡು ಸೀದಾ, ಎರಡು ಉಲ್ಟಾ. ಹಿಮ್ಮಡಿ ಬಂದಾಗ ಎಂಟು ಕುಣಿಕೆ ಮಾತ್ರ ಹಿಡಿದು, ಹಿಂದೆ ಮುಂದೆ ಹೆಣೆದರು. ಆಮೇಲೆ ಐದು ಹೆಣೆದು, ಎರಡನ್ನು ಸೇರಿಸಿ ಒಂದು ಮಾಡಿ, ಕೊನೇದನ್ನೂ ಹೆಣೆದು ತಿರುಗಿದರು. ಆ ಕಡೆಯೂ ಎರಡನ್ನು ಒಂದು ಮಾಡಿದರು. ಎಂಟು ಆರಾಯಿತು. ಚಪ್ಪಟೆ ಇದ್ದದ್ದು ನೋಡನೋಡುತ್ತಾ ಬಟ್ಟಲಿನ ಹಾಗೆ ಬಾಗಿತು. ನನ್ನ ಜೊತೆ ಮಾತಾಡುತ್ತಲೇ ಹೆಣೆದರು. ಒಂದು ಎಣಿಕೆಯೂ ತಪ್ಪಲಿಲ್ಲ. ಕೈಕೆಲಸ ನೋಡಿ ಮರೆವಿನ ಕಾಯಿಲೆ ಇದೆ, ಇಲ್ಲ ಅಂತ ಹೇಳಲು ಬರುವುದಿಲ್ಲ. ಮಗನಿಗೆ ಅದನ್ನೇ ಹೇಳಿದೆ. ಸಮಾಧಾನಕ್ಕೆ ಒಮ್ಮೆ ವೈದ್ಯರಿಗೂ ತೋರಿಸಿದರು, ಏನೂ ಇರಲಿಲ್ಲ.

ಆಗ ಮೊದಲ ಸಲ ಕೇಳಿದೆ: "ಇದು ಯಾರಿಗೆ, ಅಮ್ಮಾ?"

ಅವರು ತಲೆ ಎತ್ತಲಿಲ್ಲ. "ಯಾರಿಗೂ ಅಲ್ರಿ. ಯಾರ ಕಾಲಿಗೂ ಬರಬಾರದು ಅಂತನೇ ಮಾಡ್ಲಾಕತ್ತೀನಿ. ಇಪ್ಪತ್ತೆಂಟು ವರ್ಷ ಬಗಲು ಬಿಗಿ ಆಯ್ತು, ತೋಳು ಸಡಿಲ ಆಯ್ತು ಅಂತ ಅನ್ನಿಸಿಕೊಂಡೀನಿ. ಶರಣಬಸಪ್ಪನ ಜಾತ್ರಿಗಿ ಹೊಲಿದೀನಿ, ಯುಗಾದಿಗಿ ಹೊಲಿದೀನಿ. ಒಂದು ಹಬ್ಬನೂ ನಂದಾಗಲಿಲ್ಲ. ಇದಕ್ಕ ಅಳತಿ ಇಲ್ರಿ. ಬಿಗಿ ಅಂತ ಯಾರು ಅಂತಾರ?"

ಸೊಸೆ ಪಕ್ಕದಲ್ಲೇ ಕೂತಿದ್ದಳು. ಎಂಟು ತಿಂಗಳು ಅದರ ಕೆಳಗೇ ಓಡಾಡಿದರೂ ಒಂದು ಸಲವೂ ಕೈಯಲ್ಲಿ ಹಿಡಿದಿರಲಿಲ್ಲ. ಡಬ್ಬಿಯಿಂದ ಒಂದು ಕಾಲುಚೀಲ ತೆಗೆದು ಹೆಬ್ಬೆರಳಿಗೆ ಹಾಕಿಕೊಂಡಳು. ನಾನು ಸ್ಕೇಲ್ ಇಟ್ಟು ಅಳೆದೆ. ಪಾದ 4 ಸೆಂಟಿಮೀಟರ್. ಆಗ ತಾನೆ ಹುಟ್ಟಿದ ಕೂಸಿನ ಪಾದವೇ 7-8 ಸೆಂಟಿಮೀಟರ್ ಇರುತ್ತದೆ. ಇದು ಕೂಸಿನ ಕಾಲಿನದ್ದೂ ಆಗಿರಲಿಲ್ಲ.

"ಹಂಗಾದ್ರ ಬಾಗಿಲಿಗಿ ಯಾಕ ಕಟ್ಟಿದ್ರಿ?" ಅಂದಳು ಸೊಸೆ. ದನಿ ಒಡೆದಿತ್ತು.

"ಚೆಂದ ಕಾಣ್ತಾವಂತ ಕಟ್ಟಿದೆ" ಅಂದರು ಅತ್ತೆ. ಹೇಳುತ್ತಿದ್ದ ಹಾಗೇ ಅವರ ಕೈ ನಿಂತಿತು. ಸೊಸೆಗೆ ಅದು ಏನಾಗಿ ಕಂಡಿರಬಹುದು ಅಂತ ಆ ಗಳಿಗೆಯಲ್ಲೇ ಅವರಿಗೆ ಹೊಳೆದದ್ದು. ಕಡ್ಡಿಯಿಂದ ಕುಣಿಕೆ ಜಾರುತ್ತಿದ್ದರೂ ಹಿಡಿಯಲಿಲ್ಲ.

ಹೆಣೆಯುವುದು ಮುಂದುವರಿಯಲಿ ಅಂತ ಆ ದಿನ ನಾನು ಕೊಟ್ಟ ಸಲಹೆ ಬಗ್ಗೆ ಆಮೇಲೆ ಮಾತು ಬಂತು. ಹೆಣೆಯುವುದನ್ನೇ ನಿಲ್ಲಿಸಿ ಅನ್ನಬೇಕಿತ್ತು, ಸೊಸೆಯ ನೋವು ದೊಡ್ಡದಲ್ಲವಾ ಅಂತ ನನ್ನ ಜೊತೆ ಕೆಲಸ ಮಾಡುವವರೇ ಕೇಳಿದರು. ದೊಡ್ಡದೇ. ಆದರೆ ಆ ನೋವು ಉಲ್ಲನ್‌ನಿಂದ ಹುಟ್ಟಿದ್ದಲ್ಲ. ಕಾಲುಚೀಲ ಹೆಣೆಯುವುದು ನಿಂತಿದ್ದರೆ ನಾಳೆ ಇನ್ನೊಂದು ವಸ್ತು ಚುಚ್ಚುತ್ತಿತ್ತು. ಇನ್ನೊಂದು ಕಡೆ, ಜೀವಮಾನವೆಲ್ಲ ಇನ್ನೊಬ್ಬರ ಅಳತೆಗೆ ದುಡಿದ ಹೆಂಗಸು ಈಗಷ್ಟೇ ತನಗಾಗಿ ಏನೋ ಮಾಡುತ್ತಿದ್ದಾರೆ. ಅದನ್ನೂ ಕಿತ್ತುಕೊಳ್ಳಿ ಅನ್ನಲು ನನಗೆ ಬಾಯಿ ಬರಲಿಲ್ಲ. ಬರಬಾರದು ಅಂತಲೇ ಈಗಲೂ ನಂಬಿದ್ದೇನೆ.

ಹಾಗಂತ ಎಲ್ಲ ಸರಿ ಇದೆ ಅಂತಲೂ ಬಿಡಲಿಲ್ಲ. ಅತ್ತೆಗೆ ಹೇಳಿದೆ: ಹೆಣೆಯಿರಿ, ಬಾಗಿಲಿಂದ ಬಿಚ್ಚಿ. ನಿಮ್ಮ ಮನಸ್ಸಲ್ಲಿ ಇಲ್ಲದಿದ್ದರೂ ಅವಳಿಗೆ ನೋವಾಗಿದೆ. ಪಕ್ಕದ ಮನೆಯವರು ಕೇಳಿದಾಗ ನೀವು ನಕ್ಕು ಸುಮ್ಮನಾದಿರಿ. ಮತ್ತೆ ಕೇಳಿದರೆ "ಹರಕಿ ಅಲ್ಲ, ನನ್ನ ಖುಷಿಗೆ" ಅಂತ ಬಾಯಿ ಬಿಟ್ಟು ಹೇಳಿ. ಆ ಒಂದು ಮಾತು ಸೊಸೆಯ ಕಿವಿಗೂ ಬೀಳಬೇಕು.

ಅಷ್ಟರಲ್ಲಿ ಮಗನಿಗೆ ಉತ್ಸಾಹ ಬಂದಿತ್ತು. "ಕೀಚೈನ್ ಮಾಡಿ ಮಾರಬಹುದಲ್ಲ ಮೇಡಂ?" ಅಂದ. ಬೇಡ ಅಂದೆ, ಸ್ವಲ್ಪ ಗಟ್ಟಿಯಾಗಿಯೇ. ಇದನ್ನು ನಾನು ತುಂಬಾ ಜಾಸ್ತಿ ನೋಡುತ್ತೇನೆ. ಮನೆಯ ಹೆಂಗಸು ಕೌದಿ ಹೊಲಿದರೆ, ಕಸೂತಿ ಹಾಕಿದರೆ, ರಂಗೋಲಿ ಬಿಟ್ಟರೆ ಮೊದಲ ಪ್ರಶ್ನೆಯೇ ಎಷ್ಟಕ್ಕೆ ಹೋಗುತ್ತದೆ ಅಂತ. ದುಡಿಯಬೇಕಾದವರು ಮಾರಲಿ, ತಪ್ಪೇನಿಲ್ಲ. ಈ ತಾಯಿಗೆ ಆರ್ಡರ್ ಬಂದರೆ ಬಣ್ಣ ಸರಿಯಿಲ್ಲ, ತಡವಾಯ್ತು ಅನ್ನುವವರೂ ಬರುತ್ತಾರೆ. ಮತ್ತೆ ಅದೇ ಬ್ಲೌಸಿನ ಗೋಳು.

ಅವನಿಗೇ ಇನ್ನೊಂದು ಮಾತು ಹೇಳುವುದಿತ್ತು. ನಾಲ್ಕು ವರ್ಷದಲ್ಲಿ ಹೆಂಡತಿಯ ಪರೀಕ್ಷೆ ಮೂರು ಕಡೆ ಆಗಿತ್ತು. ಅವನದು ಒಂದು ಸಲವೂ ಆಗಿರಲಿಲ್ಲ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸರಳ, ಮೊದಲಿಗೇ ಆಗಬೇಕಾದದ್ದು. ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಮಕ್ಕಳಾಗುವ ತೊಂದರೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕಾರಣ ಗಂಡಿನಲ್ಲಿರಬಹುದು, ಹೆಣ್ಣಿನಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಮಾತು ಕೇಳಿಸಿಕೊಳ್ಳುವವಳು ಮಾತ್ರ ಒಬ್ಬಳೇ. ಅವನು ಉತ್ತರ ಕೊಡಲಿಲ್ಲ, ನೆಲ ನೋಡುತ್ತಿದ್ದ.

ಸೊಸೆಗೆ ಬೇರೆಯಾಗಿ ನಾಲ್ಕು ಭೇಟಿ ಇಟ್ಟೆ. ರಾತ್ರಿ ನಿದ್ದೆ ಇಲ್ಲ, ಅಳು ನಿಲ್ಲುವುದಿಲ್ಲ ಅಂದಳು. ನಾನು ಸಿಗದ ಹೊತ್ತಿಗೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅತ್ತೆಯನ್ನು ಕ್ಷಮಿಸು ಅಂತ ನಾನು ಒಂದು ಸಲವೂ ಹೇಳಲಿಲ್ಲ. ನಿನಗೆ ಏನನಿಸುತ್ತದೋ ಅದನ್ನು ಅವರಿಗೇ ಹೇಳು, ಗೋಡೆಗಲ್ಲ ಅಂದೆ.

ಹೇಳಿದಳಂತೆ. "ಕಣ್ಣಿಗೆ ಬಿದ್ದರೆ ಈಗಲೂ ಚುರ್ ಅಂತದ. ಆದ್ರ ನಿಮ್ಮ ಮ್ಯಾಲಿನ ಸಿಟ್ಟಲ್ಲ ಅದು." ಅತ್ತೆ ಬಾಗಿಲಿಂದ ಎಲ್ಲವನ್ನೂ ಬಿಚ್ಚಿ ಹುಕ್ಕಿನ ಡಬ್ಬಿಗೆ ಹಾಕಿದ್ದಾರೆ. ಡಬ್ಬಿ ತುಂಬಿ ಮುಚ್ಚಳ ಕೂರುತ್ತಿಲ್ಲವಂತೆ. ಮಗ ಎರಡು ಸಲ ಮುಂದೂಡಿ, ಕಳೆದ ಸೋಮವಾರ ಪರೀಕ್ಷೆಗೆ ಹೋಗಿ ಬಂದ. ಹೆಂಡತಿ ಜೊತೆಗೆ ಹೋಗಿದ್ದಳು. ವರದಿ ತರಲು ತಾನೂ ಬರುತ್ತೇನೆ ಅಂತ ಅವ್ವ ಹೇಳಿದ್ದಾರೆ.