ಭರಣಿಯೊಳಗಿನ ಮಳೆ ಎಲ್ಲಿಂದ ಬರುತ್ತದೆ?

ಎಂಟು ವರ್ಷದ ಮಗಳಿಗೆ ಮಳೆಕಾಡಿನ ಬಗ್ಗೆ ಹೇಳಿಕೊಡಬೇಕು, ಗಾಜಿನ ಭರಣಿಯಲ್ಲಿ ಟೆರೇರಿಯಂ, ಅಂದರೆ ಮುಚ್ಚಿದ ಪುಟ್ಟ ಕೈತೋಟ, ಮಾಡಿದರೆ ಅದಕ್ಕೆ ಸಾಕೇ, ಆನ್‌ಲೈನಿನಲ್ಲಿ ಸಿಗುವ ಕಿಟ್ ತರಿಸಬೇಕೇ ಎಂದು ಕೇಳಿದ್ದೀರಿ. ಕಿಟ್ ಬೇಡ. ಉಳಿದದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು.

ನಾನು ಸಾಗರ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಾಲ್ಕು, ಐದನೆಯ ತರಗತಿಯ ಮಕ್ಕಳ ಜೊತೆ ಕೆಲವು ವರ್ಷಗಳಿಂದ ಇಂಥ ಭರಣಿಗಳನ್ನು ಮಾಡುತ್ತಿದ್ದೇನೆ. ಕೆಲವು ಬದುಕಿದವು, ಕೆಲವು ಕೊಳೆತವು.

ಬೇಕರಿಯವರು ಬಿಸ್ಕತ್ತು ತುಂಬಿಡುವ ಅಗಲ ಬಾಯಿಯ ಭರಣಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮಗುವಿನ ಕೈ ತಳದವರೆಗೆ ಹೋಗಬೇಕು, ಇಲ್ಲದಿದ್ದರೆ ಗಿಡ ನೆಡುವವರು ನೀವು, ನೋಡುವವಳು ಅವಳು ಎಂದಾಗುತ್ತದೆ. ತಳಕ್ಕೆ ಎರಡು ಬೆರಳಿನಷ್ಟು ಸಣ್ಣ ಜಲ್ಲಿ, ಅದರ ಮೇಲೆ ಪುಡಿ ಮಾಡಿದ ಇದ್ದಿಲು. ಬೆಂಗಳೂರಿನಲ್ಲಿ ಇದ್ದಿಲು ಎಲ್ಲಿ ಎನ್ನಬೇಡಿ, ಬೀದಿಯ ಇಸ್ತ್ರಿ ಗಾಡಿಯವರನ್ನು ಕೇಳಿ. ಮಣ್ಣು ಕೆಳಗಿಳಿಯದಂತೆ ಹಳೆಯ ಸೊಳ್ಳೆಪರದೆಯ ತುಂಡು ಹಾಸಿ. ಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ಗೊಬ್ಬರ ಹಾಕಬೇಡಿ, ಗಿಡ ತಿಂಗಳೊಳಗೆ ಮುಚ್ಚಳಕ್ಕೆ ತಲೆ ತಾಗಿಸುತ್ತದೆ. ನರ್ಸರಿಯಿಂದ ಒಂದು ಪುಟ್ಟ ಜರೀಗಿಡ, ಬಣ್ಣದ ನರಗಳ ಎಲೆಯ ಒಂದು ಫಿಟೋನಿಯಾ ಗಿಡ ಸಾಕು. ಪಾಚಿಯನ್ನು ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯಿಂದಲೇ ಎಬ್ಬಿಸಿಕೊಳ್ಳಿ. ಪ್ರವಾಸ ಹೋದಾಗ ಕಾಡಿನಿಂದ ಕಿತ್ತು ತರಬೇಡಿ. ಅಭಯಾರಣ್ಯಗಳಲ್ಲಿ ಅದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಕಿಟ್‌ನಲ್ಲಿ ಸಿಗದ ಒಂದು ವಸ್ತುವಿದೆ: ದರಗು. ಹಳೆಯ ಮರದ ಬುಡದಲ್ಲಿ, ಅರ್ಧ ಕೊಳೆತು ಒದ್ದೆಯಾಗಿರುವ ತರಗೆಲೆ. ಒಂದು ಹಿಡಿ ತಂದು ಮಣ್ಣಿನ ಮೇಲೆ ಹರಡಿ. ಭೂತಗನ್ನಡಿ ಹಿಡಿದು ನೋಡಿದರೆ ಎಳ್ಳಿಗಿಂತ ಚಿಕ್ಕದಾದ ಬಿಳಿಯ ಹುಳುಗಳು ಪಟಕ್ಕನೆ ನೆಗೆಯುವುದು ಕಾಣುತ್ತದೆ. ಬೂಷ್ಟನ್ನೂ ಕೊಳೆತ ಎಲೆಯನ್ನೂ ತಿಂದು ಬದುಕುವ ಜೀವಿಗಳು ಅವು. ಬಣ್ಣದ ಕಲ್ಲು, ಪ್ಲಾಸ್ಟಿಕ್ ಡೈನೋಸಾರ್ ಇಟ್ಟ ಭರಣಿ ಚೆಂದ ಕಾಣುತ್ತದೆ ನಿಜ, ಆದರೆ ದರಗಿಲ್ಲದಿದ್ದರೆ ಅದು ಮುಚ್ಚಳವಿರುವ ಹೂಕುಂಡ ಅಷ್ಟೇ.

ನೀರಿನ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ನಮ್ಮ ಮೊದಲ ಭರಣಿಗೆ ಮಕ್ಕಳು ಪ್ರೀತಿಯಿಂದ ಒಂದು ಚೊಂಬು ಸುರಿದರು. ತಳದಲ್ಲಿ ತೂತಿಲ್ಲವಲ್ಲ, ಹತ್ತು ದಿನಕ್ಕೆ ಚರಂಡಿಯ ವಾಸನೆ ಬಂತು. ಸ್ಪ್ರೇ ಬಾಟಲಿಯಲ್ಲಿ ಸಿಂಪಡಿಸಿ. ಬೆಳಿಗ್ಗೆ ಗಾಜಿನ ಮೇಲೆ ಹಬೆ ಕಟ್ಟಿ ಮಧ್ಯಾಹ್ನಕ್ಕೆ ಕರಗಿದರೆ ನೀರು ಸರಿಯಾಗಿದೆ. ದಿನವಿಡೀ ಗಾಜು ಮಸುಕಾಗಿಯೇ ಇದ್ದರೆ ಮುಚ್ಚಳ ತೆಗೆದಿಡಿ. ನೇರ ಬಿಸಿಲು ಮಾತ್ರ ಬೇಡ. ಎರಡನೆಯ ಭರಣಿಯನ್ನು ನಾನೇ ಕಿಟಕಿಯ ಕಟ್ಟೆಯ ಮೇಲಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಜರೀಗಿಡ ಬೆಂದ ಸೊಪ್ಪಾಗಿತ್ತು.

ಮಕ್ಕಳಿಗೆ ಹೇಳಲು ಇದರ ಹಿಂದೊಂದು ಕಥೆಯೂ ಇದೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಹಸಿ ಮಣ್ಣಿನ ಬಾಟಲಿಯಲ್ಲಿಟ್ಟು ಮುಚ್ಚಿದ್ದ. ಪತಂಗಕ್ಕೆ ಕಾಯುತ್ತಿದ್ದವನಿಗೆ ಕಂಡದ್ದು, ಹೊಗೆ ತುಂಬಿದ ಆ ಊರಿನಲ್ಲಿ ಎಷ್ಟು ಆರೈಕೆ ಮಾಡಿದರೂ ಬದುಕದಿದ್ದ ಜರೀಗಿಡ ಬಾಟಲಿಯೊಳಗೆ ತಾನಾಗಿ ಮೊಳೆತಿರುವುದು. ಮುಂದೆ ಚೀನಾದ ಚಹಾ ಸಸಿಗಳು ಹಡಗಿನಲ್ಲಿ ಭಾರತಕ್ಕೆ ಬಂದದ್ದು ಅವನ ಹೆಸರಿನ ಗಾಜಿನ ಪೆಟ್ಟಿಗೆಗಳಲ್ಲೇ.

ಭರಣಿ ಮಾಡಿ ಮೇಜಿನ ಮೇಲಿಟ್ಟರೆ ವಾರದೊಳಗೆ ಮಗು ಅದನ್ನು ಮರೆಯುತ್ತದೆ. ಅದಕ್ಕೆ ನಾನು ತಕ್ಕಡಿ ತಂದೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮುಚ್ಚಳ ಬಿಗಿದು, ಪ್ರತಿ ಶನಿವಾರ ತೂಕ ಬರೆದಿಡುವುದು. ಮೊದಲ ವಾರ 2 ಕಿಲೋ 340 ಗ್ರಾಂ. ಆರನೆಯ ವಾರವೂ 2 ಕಿಲೋ 340 ಗ್ರಾಂ. ಅಷ್ಟರಲ್ಲಿ ಜರೀಗಿಡ ಸುರುಳಿ ಬಿಚ್ಚಿ ಎರಡು ಹೊಸ ಎಲೆ ಬಿಟ್ಟಿತ್ತು. "ತಕ್ಕಡಿ ಕೆಟ್ಟಿದೆ ಸಾರ್" ಎಂದ ಒಬ್ಬ. ಮರುದಿನ ಅಪ್ಪನ ಅಂಗಡಿಯಿಂದ ಅರ್ಧ ಕಿಲೋದ ಬಟ್ಟು ತಂದು ತೂಗಿದ. ತಕ್ಕಡಿ ಸರಿಯಾಗಿಯೇ ಇತ್ತು. ಹಾಗಾದರೆ ಗಿಡ ಬೆಳೆದದ್ದು ಏನು ತಿಂದು? ನಾನು ಉತ್ತರ ಹೇಳಲಿಲ್ಲ. ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದ ಹುಡುಗಿಯೊಬ್ಬಳು "ದರಗು ಕಡಿಮೆಯಾಗಿದೆ" ಎಂದಳು. ಎಲೆ ಕೊಳೆತು ಗಾಳಿಗೂ ಮಣ್ಣಿಗೂ ಸೇರಿದ್ದನ್ನೇ ಗಿಡ ಮತ್ತೆ ಎಳೆದುಕೊಂಡು ಎಲೆ ಮಾಡುತ್ತಿದೆ ಎಂಬುದನ್ನು ಅಲ್ಲಿಂದ ಮುಂದೆ ವಿವರಿಸುವುದು ಕಷ್ಟವಾಗಲಿಲ್ಲ. ಮಳೆಕಾಡಿನ ಸಾರವೆಲ್ಲ ಮಣ್ಣಿನ ಆಳದಲ್ಲಿದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅದರ ಬಹುಪಾಲು ಇರುವುದು ಮರಗಳಲ್ಲಿ ಮತ್ತು ಮೇಲಿನ ಈ ತೆಳು ಪದರದಲ್ಲಿ.

ಇನ್ನು ಭರಣಿ ಹೇಳುವ ಸುಳ್ಳು. ಅಲ್ಲಿ ನೀರು ಎಲೆಯಿಂದ ಆವಿಯಾಗಿ, ಗಾಜಿಗೆ ಹನಿಗಟ್ಟಿ, ಮತ್ತೆ ಮಣ್ಣಿಗೆ ಇಳಿಯುತ್ತದೆ. ಕಾಡು ತನ್ನ ಮಳೆಯನ್ನು ತಾನೇ ಸುರಿಸಿಕೊಳ್ಳುತ್ತದೆ ಎಂದು ಮಗು ತೀರ್ಮಾನಿಸುತ್ತದೆ. ಅಮೆಜಾನಿಗೆ ಇದು ಅರ್ಧ ನಿಜ. ಅಲ್ಲಿನ ಮಳೆಯ ಸುಮಾರು ಅರ್ಧ ಭಾಗ ಕಾಡಿನಿಂದಲೇ ಮೇಲೆದ್ದ ನೀರು ಎಂದು 1970ರ ದಶಕದಲ್ಲಿ ಬ್ರೆಜಿಲ್‌ನ ಎನಿಯಾಸ್ ಸಲಾತಿ ತೋರಿಸಿಕೊಟ್ಟರು. ನಮ್ಮ ಆಗುಂಬೆಯ ಲೆಕ್ಕ ಬೇರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿದ ಅಲ್ಲಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದಾಗ ಬೀಳುತ್ತದೆ. ಆಮೇಲಿನ ಒಣ ತಿಂಗಳುಗಳಲ್ಲಿ ಹಳ್ಳಗಳು ಹರಿಯುವಂತೆ ಆ ನೀರನ್ನು ಹಿಡಿದು ನಿಧಾನವಾಗಿ ಬಿಡುವುದು ನಮ್ಮ ಕಾಡಿನ ಕೆಲಸ. ಭರಣಿಗೆ ಬೇಸಿಗೆಯೂ ಇಲ್ಲ, ಹಳ್ಳವೂ ಇಲ್ಲ. ಆದ್ದರಿಂದ ಭರಣಿಯ ಪಕ್ಕದಲ್ಲೇ ಒಂದು ಭೂಪಟ ಇಟ್ಟುಕೊಳ್ಳಿ.

ಎತ್ತರವೂ ಭರಣಿಯಲ್ಲಿಲ್ಲ. ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಮಧ್ಯಾಹ್ನವೂ ನೆಲಕ್ಕೆ ಬೆಳಕು ಇಳಿಯದ ಕಾಡಿಗೆ ಬೇರೆ ಏನು ಹೆಸರಿಡುತ್ತಾರೆ! ಅಲ್ಲಿನ ಜೌಗಿನಲ್ಲಿ ರಾಮಪತ್ರೆಯ, ಅಂದರೆ ಕಾಡುಜಾಯಿಯ, ಜಾತಿಯ ಮರಗಳು ಉಸಿರಾಡಲು ಬೇರುಗಳನ್ನು ಮಡಚಿದ ಮಂಡಿಯಂತೆ ಕೆಸರಿನಿಂದ ಮೇಲೆತ್ತಿ ನಿಂತಿವೆ. ಕಾಡುಜಾಯಿಯ ದಪ್ಪ ಬೀಜವನ್ನು ಅದಕ್ಕೆ ಸುತ್ತಿಕೊಂಡ ಕೆಂಪು ಪತ್ರೆಯ ಆಸೆಗೆ ನುಂಗಿ ದೂರ ಒಯ್ದು ಉಗುಳಲು ಮಂಗಟ್ಟೆಯಂಥ ದೊಡ್ಡ ಹಕ್ಕಿಯೇ ಬೇಕು. ಭರಣಿಯಲ್ಲಿ ಮಂಗಟ್ಟೆ ಎಲ್ಲಿಂದ ಬರಬೇಕು?

ಹಾಗಾಗಿ ನಮ್ಮಲ್ಲಿ ಒಂದು ಆಟವಿದೆ. ಒಳಗೆ ಏನೇನಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದು ಭರಣಿಯ ಹೊರಮೈಗೆ ಅಂಟಿಸುವುದು. ಮೊದಲ ದಿನ ಬಂದವು ಸಿಂಗಳೀಕ, ಕಾಳಿಂಗ, ಮಂಗಟ್ಟೆ, ಉಂಬಳ. ಉಂಬಳದ ಚೀಟಿ ಅಂಟಿಸಿದವನು ಪ್ಯಾಂಟು ಮೇಲೆತ್ತಿ ಕಾಲಿನ ಸಾಕ್ಷಿಯನ್ನೂ ತೋರಿಸಿದ. ಭೂಪಟದ ಪಾಠವಾದ ಮೇಲೆ ಒಬ್ಬಳು "ಅರಬ್ಬೀ ಸಮುದ್ರ" ಎಂದು ಬರೆದು ತಂದಳು. ಎರಡು ವಾರದಲ್ಲಿ ಗಾಜೇ ಕಾಣದಂತಾಗಿ, ಒಳಗಿನ ಗಿಡಕ್ಕೆ ಬೆಳಕು ಸಾಲದೆ, ಚೀಟಿಗಳನ್ನೆಲ್ಲ ಗೋಡೆಗೆ ವರ್ಗಾಯಿಸಬೇಕಾಯಿತು.

ನಿಮ್ಮ ಮಗಳು ಖಂಡಿತ ಒಂದು ಕಪ್ಪೆ ಬಿಡೋಣ ಎನ್ನುತ್ತಾಳೆ. ಬೇಡವೆನ್ನಿ. ಅದರ ಹೆಸರಿನಲ್ಲೂ ಒಂದು ಚೀಟಿ ಬರೆಸಿ.