ಹಳೆಯ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರು ಸೇರಿಸಬೇಡಿ

ಮಾನ್ಯರೇ, ಹೆಂಚಿನ ಮನೆಯ ಅಟ್ಟದಲ್ಲಿ ಹಳೆಯ ಅಲ್ಯೂಮಿನಿಯಂ ವೈರಿನ ತುದಿಗೆ ಹೊಸ ತಾಮ್ರದ ವೈರನ್ನು ತಿರುಚಿ ಟೇಪು ಸುತ್ತಿರುವ ಚಿತ್ರವನ್ನು ನೀವು ಈ ಗುಂಪಿನಲ್ಲಿ ಹಾಕಿದ್ದೀರಿ. ಅಡುಗೆಮನೆಯ 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಪದೇ ಪದೇ ಬೀಳುತ್ತಿದೆ, 32 ಆಂಪಿಯರಿನದು ಹಾಕಿಸಿದರೆ ಸರಿಹೋಗುತ್ತದೆಯೇ ಎಂದೂ ಕೇಳಿದ್ದೀರಿ. ದಯವಿಟ್ಟು ಹಾಕಿಸಬೇಡಿ. ಆದರೆ ಎಂಸಿಬಿಗಿಂತ ಮೊದಲು ಆ ಜಾಯಿಂಟಿನ ಬಗ್ಗೆ ಹೇಳಬೇಕು, ಏಕೆಂದರೆ ನಿಮ್ಮ ಚಿತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೇ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಖರ್ಚು ಉಳಿಯಲೆಂದು ಹೀಗೆಯೇ ಅರ್ಧ ವೈರಿಂಗ್ ಬದಲಾಯಿಸಲಾಗಿತ್ತು. ಸ್ವಿಚ್‌ಬೋರ್ಡಿನಿಂದ ಅಟ್ಟದವರೆಗೆ ಹೊಸ ತಾಮ್ರ, ಅಲ್ಲಿಂದ ಮುಂದೆ ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದಿದ್ದ ಹಳೆಯ ಅಲ್ಯೂಮಿನಿಯಂ. ಎರಡು ಮಳೆಗಾಲ ಯಾವ ತೊಂದರೆಯೂ ಕಾಣಿಸಲಿಲ್ಲ. ಆಮೇಲೆ ಅಡುಗೆಮನೆಯ ದೀಪ ಆಗಾಗ ಮಂಕಾಗತೊಡಗಿತು, ಮಿಕ್ಸಿ ಹಾಕಿದಾಗ ಅಟ್ಟದಿಂದ ಮೀನಿನ ವಾಸನೆಯಂಥ ಸುಟ್ಟ ವಾಸನೆ ಬರತೊಡಗಿತು. ಮೇನ್ ತೆಗೆದು ಟೇಪು ಬಿಚ್ಚಿದಾಗ ಒಳಗಿನ ಅಲ್ಯೂಮಿನಿಯಂ ಎಳೆಗಳ ಮೇಲೆ ಬೂದುಬಣ್ಣದ ಪುಡಿ ಕಟ್ಟಿತ್ತು, ಮೇಲಿನ ಪ್ಲಾಸ್ಟಿಕ್ ಕರಗಿ ಗಟ್ಟಿಯಾಗಿತ್ತು, ಜಾಯಿಂಟಿನ ಕೆಳಗಿನ ಮರದ ಪಟ್ಟಿ ಒಂದು ಗೇಣಿನಷ್ಟು ಕಪ್ಪಾಗಿ ಇದ್ದಿಲಾಗಿತ್ತು. ಪಕಾಸಿಗೂ ಅದಕ್ಕೂ ನಾಲ್ಕು ಬೆರಳಿನ ಅಂತರವಿದ್ದುದರಿಂದ ಮನೆ ಉಳಿಯಿತು. ಅಷ್ಟೆಲ್ಲ ಆದರೂ ಎಂಸಿಬಿ ಒಮ್ಮೆಯೂ ಬಿದ್ದಿರಲಿಲ್ಲ ಎಂಬುದನ್ನು ಗಮನಿಸಿ. ಸಡಿಲವಾದ ಜಾಯಿಂಟು ಎಷ್ಟೇ ಕಾದರೂ ಅದರಲ್ಲಿ ಹರಿಯುವ ಕರೆಂಟು ಹೆಚ್ಚುವುದಿಲ್ಲ, ಆದ್ದರಿಂದ ಎಂಸಿಬಿಗಾಗಲಿ ಹಳೆಯ ಫ್ಯೂಸಿಗಾಗಲಿ ಅದು ತಿಳಿಯುವುದೇ ಇಲ್ಲ.

ಕಾರಣ ಸರಳವಾಗಿದೆ. ಗಾಳಿ ತಾಗಿದೊಡನೆ ಅಲ್ಯೂಮಿನಿಯಂ ಮೇಲೆ ಕರೆಂಟು ಹರಿಯಗೊಡದ ಆಕ್ಸೈಡಿನ ಪೊರೆ ಮೂಡುತ್ತದೆ. ಬಿಸಿಗೆ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಮೆತ್ತಗಿನ ಲೋಹವಾದ್ದರಿಂದ ಒತ್ತಡಕ್ಕೆ ನಿಧಾನವಾಗಿ ಜರುಗುತ್ತದೆ, ಹೀಗಾಗಿ ಪ್ರತಿ ಬಾರಿ ಕಾದು ಆರಿದಾಗಲೂ ಹಿಡಿತ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಇದರ ಜೊತೆಗೆ ಮಲೆನಾಡಿನ ತೇವ ಸೇರಿದರೆ ಎರಡು ಲೋಹಗಳ ನಡುವೆ ತುಕ್ಕು ಹಿಡಿಯುವುದು ಇನ್ನೂ ಬೇಗ. ಇದಕ್ಕೆಂದೇ ತಯಾರಿಸಿದ ಬೈಮೆಟಲ್ ಕನೆಕ್ಟರುಗಳಿವೆ, ಆದರೆ ವೈರಿನ ಮೇಲ್ಪದರವೇ ಬೆರಳು ತಾಗಿದರೆ ಉದುರುವಂತಿರುವಾಗ ಕನೆಕ್ಟರು ಹಾಕಿ ಏನು ಪ್ರಯೋಜನ? ಮೀಟರಿನ ನಂತರದ ಎಲ್ಲವನ್ನೂ ತೆಗೆದು ಹೊಸದು ಎಳೆಸಿ. ಒಮ್ಮೆಗೇ ಹಣ ಹೊಂದಿಸಲಾಗದಿದ್ದರೆ ಈ ವರ್ಷ ಅಡುಗೆಮನೆ ಮತ್ತು ಬಚ್ಚಲನ್ನು ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆಯಿಂದ) ಪ್ಲಗ್ಗಿನವರೆಗೆ ಪೂರ್ತಿ ಮುಗಿಸಿ, ಉಳಿದ ಕೋಣೆಗಳನ್ನು ಮುಂದಿನ ವರ್ಷ ಮಾಡಿಸಿ. ಹಳೆಯದನ್ನೂ ಹೊಸದನ್ನೂ ಒಂದೇ ಲೈನಿನಲ್ಲಿ ಮಾತ್ರ ಬೆರೆಸಬೇಡಿ.

ಈಗ ಎಂಸಿಬಿ. ಇಂಡಕ್ಷನ್ ಒಲೆ, ಕೆಟಲ್, ಮಿಕ್ಸಿ ಮೂರೂ ಒಂದೇ ಲೈನಿನಲ್ಲಿವೆ ಎಂದು ಬರೆದಿದ್ದೀರಿ. 2000 ವ್ಯಾಟಿನ ಒಲೆ ಸುಮಾರು 8.7 ಆಂಪಿಯರ್, 1500 ವ್ಯಾಟಿನ ಕೆಟಲ್ 6.5, 750 ವ್ಯಾಟಿನ ಮಿಕ್ಸಿ 3.3 ಎಳೆಯುತ್ತವೆ, ಒಟ್ಟು 18.5. ಅಂದರೆ ಎಂಸಿಬಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅದು 32 ಆಂಪಿಯರಿನದಾದರೆ, ಮಾನದಂಡದ ಪ್ರಕಾರ ರೇಟಿಂಗಿನ 1.13 ಪಟ್ಟು, ಅಂದರೆ 36 ಆಂಪಿಯರಿನಷ್ಟು ಕರೆಂಟು ಒಂದು ಗಂಟೆ ಹರಿದರೂ ಬೀಳಬಾರದು; ಒಂದು ಗಂಟೆಯೊಳಗೆ ಬೀಳಲೇಬೇಕಾದದ್ದು 1.45 ಪಟ್ಟಿಗೆ, ಅಂದರೆ 46 ಆಂಪಿಯರಿಗೆ. ಅಷ್ಟು ಹೊತ್ತು ನಿಮ್ಮ 2.5 ಚದರ ಮಿ.ಮೀ. ವೈರು ಪೈಪಿನೊಳಗೆ ಬೇಯುತ್ತಿರುತ್ತದೆ. ಎಂಸಿಬಿ ಇರುವುದು ವೈರನ್ನು ಕಾಯಲು. ಬಿದ್ದಾಗಲೆಲ್ಲ ದೊಡ್ಡದನ್ನು ಹಾಕುವ ಎಲೆಕ್ಟ್ರಿಷಿಯನ್ನರಿಗೆ ಕೆಲಸ ಕೊಡುವುದನ್ನು ನಾವೆಲ್ಲರೂ ನಿಲ್ಲಿಸಬೇಕು. ಇಂಡಕ್ಷನ್ ಒಲೆಗೆ ಡಿಬಿಯಿಂದಲೇ ಪ್ರತ್ಯೇಕ ಲೈನು ಎಳೆಸಿ, ನಿಮ್ಮ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ.

ದೀಪ ಮತ್ತು ಫ್ಯಾನಿಗೆ 1.5, ಪವರ್ ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿ.ಮೀ. ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ದೀಪಕ್ಕೆ 1 ಸಾಕು ಎನ್ನುವವರಿದ್ದಾರೆ, ಆದರೆ ಹೆಂಚಿನ ಮನೆಯಲ್ಲಿ ಲೈನು ಉದ್ದವಾಗುವುದರಿಂದ ನಾನು ಒಪ್ಪುವುದಿಲ್ಲ. ಬ್ರ್ಯಾಂಡಿನ ವಿಷಯಕ್ಕೆ ಬಂದರೆ ಫಿನೋಲೆಕ್ಸ್, ಪಾಲಿಕ್ಯಾಬ್, ಹ್ಯಾವೆಲ್ಸ್ ಯಾವುದಾದರೂ ಆಗಬಹುದು. ನಾನು ಮೊದಲಿನಿಂದಲೂ ಫಿನೋಲೆಕ್ಸ್ ಬಳಸಿದವನು, ಬದಲಾಯಿಸುವ ಕಾರಣ ಕಂಡಿಲ್ಲ. ಹೆಸರಿಗಿಂತ ಮುಖ್ಯವಾಗಿ ಐಎಸ್‌ಐ ಗುರುತು ಇರುವ ವೈರನ್ನು ಬಿಲ್ಲಿನೊಂದಿಗೆ ಕೊಳ್ಳಿ, ತುದಿಯ ಪ್ಲಾಸ್ಟಿಕ್ ಬಿಡಿಸಿ ಎಳೆಗಳನ್ನು ಎಣಿಸಿ. ಸಾಮಾನ್ಯವಾಗಿ 1.5ರಲ್ಲಿ 0.3 ಮಿ.ಮೀ. ದಪ್ಪದ 22 ಎಳೆಗಳು, 2.5ರಲ್ಲಿ 36, 4ರಲ್ಲಿ 56 ಇರುತ್ತವೆ. ಅಗ್ಗದ ವೈರಿನಲ್ಲಿ ಎಳೆಗಳ ಸಂಖ್ಯೆಯೋ ದಪ್ಪವೋ ಕಡಿಮೆಯಿರುತ್ತದೆ. ಬಿಡಿಸಿದ ಎಳೆಗಳಲ್ಲಿ ಎರಡನ್ನು ಕತ್ತರಿಸಿ ಸ್ಕ್ರೂವಿಗೆ ತೂರಿಸುವ ಅಭ್ಯಾಸ ಕೆಲವರಿಗಿದೆ, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಎಲ್ಲರೂ ಓದಬೇಕೆಂದು ಕೋರುತ್ತೇನೆ. ಹಳೆಯ ಪಟ್ಟಿ ವೈರಿಂಗಿನ ಎಷ್ಟೋ ಮನೆಗಳಲ್ಲಿ ಅರ್ತ್ ವೈರೇ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರು) ಇರುವುದಿಲ್ಲ. ಆಗ ಮೂರು ಪಿನ್ನಿನ ಪ್ಲಗ್ಗು ಹಾಕಿ ಅದರೊಳಗೇ ನ್ಯೂಟ್ರಲ್‌ನಿಂದ (ಕರೆಂಟು ಮರಳಿ ಹೋಗುವ ವೈರಿನಿಂದ) ಅರ್ತ್ ಪಿನ್ನಿಗೆ ಒಂದು ತುಂಡು ವೈರು ಕೊಟ್ಟುಬಿಡುತ್ತಾರೆ. ಬೋರ್ಡಿನಲ್ಲಾಗಲಿ ಕಂಬದಲ್ಲಾಗಲಿ ನ್ಯೂಟ್ರಲ್ ಕಡಿದ ಕ್ಷಣದಲ್ಲಿ ಗೀಸರು, ಫ್ರಿಜ್ಜು, ವಾಷಿಂಗ್ ಮಷೀನಿನ ಮೈಗೆಲ್ಲ ಫೇಸ್ ಬರುತ್ತದೆ. ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದವರು ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಪ್ಲಗ್ಗಿಗೂ ಡಿಬಿಯಿಂದ ಹಸಿರು ವೈರು ಬರಲೇಬೇಕು, ಮನೆಯ ಹೊರಗೆ ಸರಿಯಾದ ಅರ್ತ್ ಗುಂಡಿ ಇರಲೇಬೇಕು. ನಮ್ಮ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಬಚ್ಚಲಿನ ನೀರು ಇಂಗುವ ಕಡೆ, ಸದಾ ತೇವವಿರುವಲ್ಲಿ ಗುಂಡಿ ತೆಗೆಸುವುದು ಒಳ್ಳೆಯದು.

ಡಿಬಿಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು) ಹಾಕಿಸಿ. ಹಾಕಿದ ಮರುದಿನವೇ ಅದು ಸುಮ್ಮನೆ ಬೀಳುತ್ತದೆಂದು ತೆಗೆಸಿದವರನ್ನು ಇದೇ ಗುಂಪಿನಲ್ಲಿ ಕಂಡಿದ್ದೇನೆ. ಸುಮ್ಮನೆ ಬೀಳುವುದು ಅಪರೂಪ. ಬಹಳಷ್ಟು ಸಲ ಒಂದು ಲೈನಿನ ಫೇಸಿಗೆ ಇನ್ನೊಂದು ಲೈನಿನ ನ್ಯೂಟ್ರಲ್ ಹಂಚಿರುತ್ತಾರೆ, ಇಲ್ಲವೇ ನಾನು ಹೇಳಿದ ನ್ಯೂಟ್ರಲ್-ಅರ್ತ್ ತುಂಡು ಯಾವುದೋ ಬೋರ್ಡಿನಲ್ಲಿ ಉಳಿದಿರುತ್ತದೆ, ಇಲ್ಲವೇ ಗೀಸರಿನ ಕಾಯಿಲ್‌ನಿಂದ ಕರೆಂಟು ಸೋರುತ್ತಿರುತ್ತದೆ. ಇನ್ವರ್ಟರ್ ಇದ್ದರೆ ನ್ಯೂಟ್ರಲ್ ಬೆರಕೆಯಾಗುವ ಸಾಧ್ಯತೆ ಇನ್ನೂ ಹೆಚ್ಚು, ಆದ್ದರಿಂದ ಅದರ ಲೈನುಗಳನ್ನು ಮೊದಲೇ ಬೇರೆ ಬರೆದಿಟ್ಟುಕೊಳ್ಳಿ. ಕೆಲಸ ನಡೆಯುವಾಗ ಮೇನ್ ತೆಗೆದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟು ಇರುತ್ತದೆ ಎಂಬುದನ್ನು ಕೆಲಸದವರಿಗೆ ನೀವೇ ಹೇಳಬೇಕು.

ಅಟ್ಟದಲ್ಲಿ ಇಲಿ, ಅಳಿಲಿನ ಕಾಟ ಇದ್ದೇ ಇರುತ್ತದೆ. ವೈರನ್ನು ಬರಿದೇ ಬಿಡದೆ ಗಟ್ಟಿ ಪಿವಿಸಿ ಪೈಪಿನಲ್ಲಿ ಎಳೆಸಿ, ಹೆಂಚು ಸೋರುವ ಜಾಗ ತಪ್ಪಿಸಿ ಪಕಾಸಿಯ ಪಕ್ಕಕ್ಕೆ ಕ್ಲ್ಯಾಂಪು ಹೊಡೆಸಿ. ಪೈಪಿನೊಳಗೆ ಎಲ್ಲಿಯೂ ಜಾಯಿಂಟು ಬೇಡ, ಜಾಯಿಂಟು ಏನಿದ್ದರೂ ತೆರೆದು ನೋಡಬಹುದಾದ ಬಾಕ್ಸಿನಲ್ಲಿರಲಿ. ಈ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ, ಮೀಟರಿನ ಸೀಲನ್ನು ಯಾರೂ ಮುಟ್ಟಬಾರದು, ಆ ಕಡೆಯ ಕೆಲಸಕ್ಕೆ ಮೆಸ್ಕಾಂ ಲೈನ್‌ಮನ್ನರನ್ನೇ ಕರೆಯಿರಿ. ಒಲೆ, ಗೀಸರು ಎಲ್ಲ ಸೇರಿ ಮಂಜೂರಾದ ಲೋಡನ್ನು ಮೀರುವುದಾದರೆ ಅದನ್ನು ಹೆಚ್ಚಿಸಲು ಈಗಲೇ ಅರ್ಜಿ ಕೊಡಿ. ಕರೆಂಟು ಕೊಡುವ ಮೊದಲು ಬಲ್ಬು, ಫ್ಯಾನು, ಉಪಕರಣಗಳನ್ನೆಲ್ಲ ಕಳಚಿ 500 ವೋಲ್ಟಿನ ಮೆಗ್ಗರಿನಿಂದ (ವೈರಿನ ಮೇಲ್ಪದರ ಕರೆಂಟು ಸೋರಗೊಡುತ್ತದೆಯೇ ಎಂದು ಅಳೆಯುವ ಸಾಧನ) ಪ್ರತಿ ಲೈನನ್ನೂ ಪರೀಕ್ಷಿಸಲು ಹೇಳಿ. ಯಾವುದಾದರೂ ಲೈನು 1 ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಅದಕ್ಕೆ ಕರೆಂಟು ಕೊಡಿಸಬೇಡಿ. ಈ ಕೆಲಸ ಮುಗಿಯುವವರೆಗೆ ಆ ಅಡುಗೆಮನೆಯ ಲೈನಿನ ಎಂಸಿಬಿಯನ್ನು ಇಂದೇ ಕೆಳಗೆ ಮಾಡಿ ಬಿಡಿ, ಒಲೆಗೆ ಕೆಲವು ದಿನ ಗ್ಯಾಸನ್ನೇ ಬಳಸಿ.